ಅಕ್ಕನ ಸಾಲಿಸಿಟರ್ ಬಿಲ್ಲು, ಫ್ಯಾಮಿಲಿ ಗ್ರೂಪಿನ ಜಗಳ

ದೊಡ್ಡಪ್ಪ: *ಫಾರ್ವರ್ಡೆಡ್* ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಗಮನಕ್ಕೆ!! ನಿಮ್ಮ ಸಾಲಿಸಿಟರ್ (ವಕೀಲ) ಫೋನ್ ಎತ್ತದಿದ್ದರೆ ಎಸ್‌ಆರ್‌ಎಗೆ (ಸಾಲಿಸಿಟರ್‌ಗಳನ್ನು ನಿಯಂತ್ರಿಸುವ ಸಂಸ್ಥೆ) ಒಂದು ಇಮೇಲ್ ಹಾಕಿ, ಕಟ್ಟಿದ ಫೀಸೆಲ್ಲಾ ವಾಪಸ್. ಎಲ್ಲರಿಗೂ ತಲುಪಿಸಿ.

ದೊಡ್ಡಪ್ಪ: ಪುಟ್ಟಿ ನಿನಗೆ ಉಪಯೋಗ ಆಗುತ್ತೇನೋ ನೋಡಮ್ಮ

ಅಕ್ಕ: ದೊಡ್ಡಪ್ಪ ಇದು ಹಾಗಲ್ಲ. ಎಸ್‌ಆರ್‌ಎ ನೋಡೋದು ಲಾಯರ್ ಮೋಸ ಮಾಡಿದ್ನಾ, ಕ್ಲೈಂಟ್ ದುಡ್ಡು ನುಂಗಿದ್ನಾ ಅಂತ. ಮೇಲ್‌ಗೆ ಉತ್ತರ ಕೊಡ್ತಿಲ್ಲ, ಬಿಲ್ ಜಾಸ್ತಿ ಬಂತು ಅನ್ನೋದಕ್ಕೆಲ್ಲ ಲೀಗಲ್ ಓಂಬುಡ್ಸ್‌ಮನ್. ಲಾಯರ್ ಸೇವೆ ಬಗ್ಗೆ ದೂರು ಕೇಳೋ ಸಂಸ್ಥೆ ಅದು. ಅಲ್ಲೂ ನೇರ ಹೋಗೋ ಹಾಗಿಲ್ಲ, ಮೊದ್ಲು ಆ ಲಾಯರ್ ಆಫೀಸಿಗೇ ಬರೆದು ದೂರು ಕೊಟ್ಟು 8 ವಾರ ಕಾಯ್ಬೇಕು

ಸತೀಶ: 8 ವಾರಾನಾ?? ಅಷ್ಟ್ರಲ್ಲಿ ಫ್ಲಾಟ್ ಬೇರೆಯವ್ರ ಪಾಲು. ಅಕ್ಕ ಸುಮ್ನೆ ಕನ್ಸ್ಯೂಮರ್ ಕೋರ್ಟಿಗೆ ಹಾಕು ಇವ್ರಿಗೆಲ್ಲ ಅದೇ ಮದ್ದು ಲಾಯರ್‌ಗಳ ಜಾತಿನೇ ಅಷ್ಟು

ಚಿಕ್ಕಪ್ಪ: ಗ್ರೂಪಲ್ಲಿ ವಕೀಲ ನಾನೂ ಇದ್ದೀನಿ ಕಣೋ 😄 ಅಲ್ಲಿಯದು ಬಿಡು, ಇಲ್ಲೇ ಆಗಲ್ಲ. 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಡ್ತು, ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರಲ್ಲ ಅಂತ. ನಡತೆ ಸರಿ ಇಲ್ಲ ಅಂದ್ರೆ ಬಾರ್ ಕೌನ್ಸಿಲ್‌ಗೆ ದೂರು, ಅಷ್ಟೇ

ಸತೀಶ: ನೀವೇ ನೀವೇ ಕಾಪಾಡ್ಕೊಳ್ಳಿ ಚಿಕ್ಕಪ್ಪ

ಚಿಕ್ಕಮ್ಮ: ಯಾರಾದ್ರೂ ನನಗೆ ಬಿಡಿಸಿ ಹೇಳಿ, ಪುಟ್ಟಿಗೆ ಏನಾಗಿದೆ?

ಅಕ್ಕ: ಫ್ಲಾಟ್ ತಗೊಳಕ್ಕೆ ಲಾಯರ್ ಇಟ್ವಿ ಚಿಕ್ಕಮ್ಮ, 1,250 ಪೌಂಡ್ ಅಂತ ಮೊದ್ಲು ಬರೆದುಕೊಟ್ಟಿದ್ರು, ಆಸ್ತಿ ದಾಖಲೆ ತಪಾಸಣೆಯ ಸರ್ಚ್ ಫೀಸು, ವ್ಯಾಟು ಬೇರೆ. ಆಮೇಲೆ ಆಯಮ್ಮ ಪತ್ತೆನೇ ಇಲ್ಲ, ರಿಸೆಪ್ಷನ್‌ನವ್ಳು ಮೀಟಿಂಗಲ್ಲಿದಾರೆ ಮೀಟಿಂಗಲ್ಲಿದಾರೆ ಅಂತಾಳೆ, ಸೆಲ್ಲರ್ ಕಡೆಯವ್ರು ಕೇಳಿದ್ದಕ್ಕೂ ಉತ್ತರ ಹೋಗಿಲ್ಲ. ಬೇರೆಯವ್ರ ಹತ್ರ ಹೋಗ್ತೀವಿ ಫೈಲ್ ಕೊಡಿ ಅಂದ್ವಿ ನೋಡಿ, ಅವತ್ತೇ ಸಂಜೆ ಉತ್ತರ ಬಂತು, ಜೊತೆಗೆ 1,900ಕ್ಕೆ ಬಿಲ್ಲು! ಲೀಸ್ ಓದಿದ್ದಕ್ಕೆ ಎಕ್ಸ್ಟ್ರಾ ಅಂತೆ. ಲೀಸ್‌ಹೋಲ್ಡ್ ಫ್ಲಾಟ್, ಅಂದ್ರೆ ದೀರ್ಘಾವಧಿ ಗುತ್ತಿಗೆದು ಅಂತ ಮೊದಲ ದಿನವೇ ಗೊತ್ತಿತ್ತಲ್ವಾ, ಲೀಸ್ ಓದ್ದೆ ಇನ್ನೇನು ಮಾಡ್ತಾರೆ

ಸತೀಶ: ಒಂದು ಪೈಸೆ ಕೊಡ್ಬೇಡ

ಭಾವ: ಸತೀಶ, ಕೊಡ್ದೆ ಇದ್ರೆ ಫೈಲ್ ಕೊಡಲ್ಲ ಅಂತಿದಾರಪ್ಪ. ಬ್ಯಾಂಕಿನ ಮನೆ ಸಾಲದ (ಮಾರ್ಟ್‌ಗೇಜ್) ಆಫರ್‌ಗೆ ಕೊನೆ ದಿನ ಹತ್ರ ಬಂತು. 650 ಪೌಂಡಿಗೆ ಮನೇನೇ ಕಳ್ಕೊಳ್ಳಕ್ಕಾಗುತ್ತಾ, ಕೊಟ್ಟು ಕೈತೊಳ್ಕೊಳ್ಳೋಣ ಅಂತ ನಾನು

ದೊಡ್ಡಪ್ಪ: ಫೈಲ್ ಒತ್ತೆ ಇಟ್ಕೊಂಡಿದಾನಾ? ಇದೇನು ಗಿರವಿ ಅಂಗಡಿನಾ

ಚಿಕ್ಕಪ್ಪ: ನಮ್ಮಲ್ಲಿ ಹಾಗೆ ಹಿಡ್ಕೊಳ್ಳೋ ಹಾಗಿಲ್ಲ ಅಣ್ಣ, ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಪು ಕೊಟ್ಟಿದೆ. ಇಂಗ್ಲೆಂಡಲ್ಲಿ ಬಾಕಿ ಫೀಸಿಗೆ ಕಾಗದಪತ್ರ ಹಿಡಿದಿಟ್ಕೊಳ್ಳೋ ಹಕ್ಕು ಸಾಲಿಸಿಟರ್‌ಗೆ ಇದೆ. ಪುಟ್ಟಿ, ಒಂದು ವಿಷಯ ಮಾತ್ರ ನೋಡ್ಕೊ, ಬಿಲ್ ಕೈಗೆ ಬಂದು ಒಂದು ತಿಂಗಳ ಒಳಗೆ ಅರ್ಜಿ ಹಾಕಿದ್ರೆ ಕೋರ್ಟು ಬಿಲ್ ಪರಿಶೀಲಿಸಲೇಬೇಕು, 1974ರ ಸಾಲಿಸಿಟರ್ಸ್ ಆಕ್ಟು, 70ನೇ ಸೆಕ್ಷನ್. ತಿಂಗಳು ದಾಟಿದ್ರೆ ಕೋರ್ಟಿನ ಇಷ್ಟ. ಅಷ್ಟರಲ್ಲಿ ದುಡ್ಡೂ ಕಟ್ಟಿಬಿಟ್ಟಿದ್ರೆ ವಿಶೇಷ ಕಾರಣ ತೋರಿಸ್ಬೇಕು

ಸತೀಶ: ನೋಡಿದ್ರಾ ಭಾವ, ಕಟ್ಟಿದ್ರೆ ಹೋಯ್ತು

ಭಾವ: ಪೂರ್ತಿ ಓದು ಮಾರಾಯ. ಆ ಕೋರ್ಟಲ್ಲಿ ಬಿಲ್ಲಿನ ಐದನೇ ಒಂದು ಭಾಗ ಆದ್ರೂ ಕಡಿಮೆ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಆ ಕೇಸಿನ ಖರ್ಚೂ ನಮ್ಮ ತಲೆ ಮೇಲೇ. 1,900ರ ಬಿಲ್ಲಿಗೆ ಅದೆಲ್ಲ ಯಾರು ಮಾಡ್ತಾರೆ? ಓಂಬುಡ್ಸ್‌ಮನ್ ಆದ್ರೆ ಫ್ರೀ, ದುಡ್ಡು ಕಟ್ಟಿದ್ಮೇಲೂ ಕೇಳ್ತಾರೆ, ಫೀಸ್ ಇಳಿಸಿ ವಾಪಸ್ ಕೊಡು ಅಂತಾನೂ ಹೇಳಬಹುದು

ಅಕ್ಕ: ಕೊಟ್ಟು ಕೈತೊಳ್ಕೊಳ್ಳೋದು ಬೇರೆ, ಒಪ್ಪದೇನೇ ಕೊಟ್ಟಿದ್ದೀವಿ ಅಂತ ಬರೆದು ಕೊಡೋದು ಬೇರೆ ರೀ. ನೀವು ಹೇಳ್ತಿರೋದು ಮೊದಲನೇದು

ಭಾವ: ಸರಿ ಎರಡನೇದೇ ಮಾಡು

ಚಿಕ್ಕಪ್ಪ: ಹಾಗೇ ಮಾಡು. ಮೇಲ್‌ನ ಸಬ್ಜೆಕ್ಟಲ್ಲೇ ಕಂಪ್ಲೇಂಟ್ ಅಂತ ಹಾಕು, ದಯವಿಟ್ಟು ಅಪ್‌ಡೇಟ್ ಕೊಡಿ ಅಂತ ಬರೆದ್ರೆ ಅದು ಬರೀ ವಿಚಾರಿಸಿದ್ದು, ದೂರಲ್ಲ ಅಂತ ಜಾರ್ಕೋತಾರೆ, ನಮ್ಮ ಕಸುಬು ನನಗೆ ಗೊತ್ತಿಲ್ವಾ. ಅವ್ರು ಮೊದ್ಲು ಕೊಟ್ಟ 1,250ರ ಪತ್ರ ಲಗತ್ತಿಸು, ಎಕ್ಸ್ಟ್ರಾ ಕೆಲಸ ಯಾವತ್ತು ಯಾರು ಎಷ್ಟು ಹೊತ್ತು ಮಾಡಿದ್ರು ವಿವರ ಕೇಳು. ಫೋನಲ್ಲಿ ಏನೂ ಮಾತಾಡ್ಬೇಡ

ಚಿಕ್ಕಮ್ಮ: ಹೊಸ ಲಾಯರ್‌ಗೂ ಫೀಸ್ ಕೊಡ್ಬೇಕಲ್ವಾ ಮತ್ತೆ?

ಅಕ್ಕ: ಅದೇ ಚಿಕ್ಕಮ್ಮ ಹೊಟ್ಟೆ ಉರಿಯೋದು. ಇವತ್ತು ರಾತ್ರಿ ಕಂಪ್ಲೇಂಟ್ ಕಳಿಸ್ತೀನಿ, 1,250 ಈಗ್ಲೇ ಕೊಡ್ತೀವಿ ಫೈಲ್ ಬಿಡಿ, ಉಳಿದಿದ್ದು ವಿವಾದದಲ್ಲಿರ್ಲಿ ಅಂತ ಕೇಳಿ ನೋಡ್ತೀನಿ. ಒಪ್ಲಿಲ್ಲ ಅಂದ್ರೆ, ಬ್ಯಾಂಕಿನವ್ರೂ ಆಫರ್ ಡೇಟ್ ಮುಂದಕ್ಕೆ ಹಾಕ್ಲಿಲ್ಲ ಅಂದ್ರೆ, ಇವರು ಹೇಳಿದ ಹಾಗೆ ಪೂರ್ತಿ ಕಟ್ಟಿ ಓಂಬುಡ್ಸ್‌ಮನ್

ಸತೀಶ: ಪೂರ್ತಿ ಕಟ್ಟಿದ್ರೆ ನನಗೆ ಹೇಳ್ಬೇಡ ಅಕ್ಕ, ಬಿಪಿ ಏರುತ್ತೆ

ದೊಡ್ಡಪ್ಪ: ಆ ಮೆಸೇಜು ನಾನು ಇನ್ನೂ ಎರಡು ಗ್ರೂಪಿಗೆ ಹಾಕಿದ್ದೆ. ಡಿಲೀಟ್ ಮಾಡೋದು ಹೇಗೆ ಯಾರಾದ್ರೂ ಹೇಳಿ