ಕೌದಿ ಯಾರ ಮನ್ಯಾಗ ಐತಿ?

ಕೊಪ್ಪಳದ ನಮ್ಮ ಮನಿ ಗುಂಪಿನ್ಯಾಗ ರಾತ್ರಿ 9:12ಕ್ಕ ಬೆಂಗಳೂರು ಕಾಕಾ ಒಂದು ಫಾರ್ವರ್ಡ್ ಹಾಕಿದ. ಅಜ್ಜಿಗೆ ಲಕ್ವಾ ಹೊಡದಾಗಿಂದ ಇಂಥವು ವಾರಕ್ಕ ನಾಕು ಬರ್ತಾವ.

ಕಾಕಾ: ‘ಹಾಸಿಗೆ ಹಿಡಿದವರನ್ನು ಪದೇ ಪದೇ ಹೊರಳಿಸಬೇಡಿ! ಸೊಂಟದ ಕೆಳಗೆ ಗಾಳಿ ತುಂಬಿದ ಟ್ಯೂಬ್ ಇಟ್ಟರೆ ಬೆನ್ನುಹುಣ್ಣು ಬರುವುದೇ ಇಲ್ಲ. ಹತ್ತು ಜನಕ್ಕೆ ಕಳಿಸಿ.’
ನೋಡ್ರಿ ವೈನಿ. ಅವ್ವಗ ರಾತ್ರಿ ಸುಮ್ನ ತ್ರಾಸ ಕೊಡಬ್ಯಾಡ್ರಿ.

ಮಂಜಣ್ಣ: ಯಾವ ಡಾಕ್ಟರ್ ಹೇಳ್ಯಾರ ಕಾಕಾ?

ಕಾಕಾ: ಹೊಲದ ಪಹಣಿ ಕೇಳಿದಾಂವನೂ ನೀನ ಅಲ್ಲೇನು?

ದೊಡ್ಡಪ್ಪ: ಹೆತ್ತವ್ರ ಸೇವಾ ಪುಣ್ಯದ ಕೆಲಸ. ನಮ್ಮ ಕಾಲದಾಗ ಟ್ಯೂಬೂ ಇರ್ಲಿಲ್ಲ, ಫಾರ್ವರ್ಡೂ ಇರ್ಲಿಲ್ಲ.

(ಸೇವಾ ಮಾಡಾಕಿ ದೊಡ್ಡವ್ವ. ದೊಡ್ಡಪ್ಪ ಟಿವಿ ಮುಂದ.)

ದೊಡ್ಡವ್ವ: ಟ್ಯೂಬ್ ಇಟ್ರ ಸುತ್ತಲೂ ಒತ್ತಿ ರಕ್ತ ಸರಿಯಾಗಿ ಆಡಂಗಿಲ್ಲ ಅಂತ ಮನಿಗೆ ಬರೋ ಸಿಸ್ಟರ್ ಹೇಳ್ಯಾರ. ಎರಡು ತಾಸಿಗೊಮ್ಮೆ ಮಗ್ಗಲ ಬದಲಿಸಾಕ ಬೇಕು. ನೀವು ಗವಿಮಠದ ಜಾತ್ರಿಗೆ ಬಂದಾಗ ಬಗಲಾಗ ಕೈ ಹಾಕಿ ಅತ್ತಿಯವ್ರನ್ನ ಮ್ಯಾಲ ಜಗ್ಗಿದ್ರಿ. ಲಕ್ವಾ ಹೊಡದ ಕೈ ಅದು, ಭುಜ ಇನ್ನೂ ನೋಯ್ತೈತಿ. ಚಾದರ ಮಡಚಿ ಭುಜದಿಂದ ತೊಡಿ ತನಕ ಕೆಳಗ ಹಾಸಿ, ಇಬ್ರು ಎರಡೂ ಕಡೆ ಅವ್ರ ಮೈ ಹತ್ರನ ಚಾದರ ಹಿಡಕೊಂಡು, ಅವ್ರಿಗೂ ಹೇಳಿ, ಒಂದು ಎರಡು ಮೂರು ಅಂತ ಒಮ್ಮೆಲೆ ಸರಸ್ಬೇಕು. ದರದರ ಎಳದ್ರ ತೊಗಲು ಕಿತ್ತು ಬರ್ತೈತಿ.

ಕಾಕಾ: ಅಂದ್ರ ನನ್ನಿಂದ ನೋವಾತು ಅಂತೀರಿ?

ರಾಯಚೂರು ಅತ್ತಿ: ಚಾದರ ಯಾಕ ವೈನಿ, ಅವ್ವ ಹೊಲಿದ ಕೌದಿ ಇತ್ತಲ್ಲ? ಇಳಕಲ್ ಸೀರಿ ತುಂಡು ಹಚ್ಚಿದ್ದು. ಬ್ಯಾಸಗ್ಯಾಗ ಮಾಳಗಿ ಮ್ಯಾಲ ಐದೂ ಮಂದಿ ಅದ್ರ ಮ್ಯಾಲನ ಮಲಗ್ತಿದ್ವಿ...

ಮಂಜಣ್ಣ: ಅದು ನಿಮ್ಮ ಮನ್ಯಾಗ ಐತಿ ಅತ್ತಿ. ದೀಪಾವಳಿಗೆ ಫೋಟೋ ನೀವ ಹಾಕಿದ್ರಿ.

ರಾಯಚೂರು ಅತ್ತಿ: ಅವ್ವ ಕೈಯಾರೆ ಕೊಟ್ಟಿದ್ದು! ನಾ ಕದ್ದೀನೇನು?

ಇಲ್ಲಿಂದ ನಲವತ್ತು ಮೆಸೇಜು ಕೌದಿದ. ಟ್ಯೂಬ್ ಎತ್ತ ಹೋತೋ. ನಡುವ ದೊಡ್ಡವ್ವ ‘ಕೌದಿ ಹೊಲಿಗಿ ಬೆನ್ನಿಗೆ ಒತ್ತತೈತಿ, ಕೆಳಗ ಹಾಸಾಕ ಬರಂಗಿಲ್ಲ’ ಅಂತ ಬರದದ್ದನ್ನ ಯಾರೂ ನೋಡ್ಲಿಲ್ಲ. ನಾನೂ ಮರುದಿನ ನೋಡಿದ್ದು.

10:00
ದೊಡ್ಡವ್ವ: ಹೊತ್ತಾತು. ಮೊಣಕಾಲ ನಡುವ ಇಡೋ ದಿಂಬು ಒಗ್ಯಾಕ ಹಾಕೀನಿ. ಏನ್ರಿ, ಟಿವಿ ಆರಿಸಿ, ಇನ್ನೊಂದು ದಿಂಬು ತಗೊಂಡು ಒಳಗ ಬರ್ರಿ.

ದೊಡ್ಡಪ್ಪ ಪಡಸಾಲ್ಯಾಗಿಂದ ಕೈ ಮುಗಿಯೋ ಇಮೋಜಿ ಹಾಕಿದ.