ಸೂಪ್ ಡಬ್ಬಿಯ ಚಿತ್ರದಲ್ಲಿ ಗಮನಿಸಬೇಕಾದದ್ದು ಏನು?

ಪ್ರಶ್ನೆ:
ಪಾಪ್ ಆರ್ಟ್ (ಜಾಹೀರಾತು, ದಿನಬಳಕೆಯ ಸರಕುಗಳಂಥವನ್ನೇ ವಸ್ತುವಾಗಿಸಿಕೊಂಡ ಕಲಾಪಂಥ) ಕುರಿತ ಪ್ರಬಂಧಕ್ಕಾಗಿ, ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ಕ್ಯಾಂಪ್‌ಬೆಲ್ ಕಂಪನಿಯ ಸೂಪ್ ಡಬ್ಬಿಗಳನ್ನು ಚಿತ್ರಿಸಿ 1962ರಲ್ಲಿ ರಚಿಸಿದ ‘ಕ್ಯಾಂಪ್‌ಬೆಲ್ಸ್ ಸೂಪ್ ಕ್ಯಾನ್ಸ್’ ಕೃತಿಯನ್ನು ಆರಿಸಿಕೊಂಡಿದ್ದೇನೆ. ಓದಿದಲ್ಲೆಲ್ಲ ಅದು ಗ್ರಾಹಕ ಸಂಸ್ಕೃತಿಯ ವಿಮರ್ಶೆ ಎಂಬ ಮಾತೇ ಎದುರಾಗುತ್ತದೆ. ಆದರೆ ಆ ಮಾತಿಗೆ ಆಧಾರ ಚಿತ್ರದೊಳಗೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗುತ್ತಿಲ್ಲ. ಹಿನ್ನೆಲೆಯಾಗಲಿ, ಭಾವವಾಗಲಿ, ಕುಂಚದ ಗುರುತಾಗಲಿ ಎದ್ದು ಕಾಣದ ಚಿತ್ರವನ್ನು ಎಲ್ಲಿಂದ ಓದಲಾರಂಭಿಸಬೇಕು?

ಉತ್ತರ 1:
ಅರ್ಥವನ್ನು ಸದ್ಯಕ್ಕೆ ಬದಿಗಿಟ್ಟು, ಕಲಾವಿದರು ಏನನ್ನು ಉಳಿಸಿಕೊಂಡರು, ಏನನ್ನು ಕೈಬಿಟ್ಟರು ಎಂಬುದರಿಂದ ಆರಂಭಿಸಿ. ಒಟ್ಟು 32 ಕ್ಯಾನ್ವಾಸ್‌ಗಳಿವೆ. ಪ್ರತಿಯೊಂದೂ ಸುಮಾರು 51 ಸೆಂ.ಮೀ. ಎತ್ತರ, 41 ಸೆಂ.ಮೀ. ಅಗಲ. ಯಂತ್ರದಲ್ಲಿ ಅಚ್ಚಾದಂತೆ ಕಂಡರೂ ಇವು ಕೈಯಿಂದ ಬಿಡಿಸಿದವು. ಸಿಲ್ಕ್‌ಸ್ಕ್ರೀನ್ ವಿಧಾನವನ್ನು, ಅಂದರೆ ಜಾಲರಿ ಬಟ್ಟೆಯ ಮೂಲಕ ಬಣ್ಣ ಒತ್ತಿ ಚಿತ್ರ ಮುದ್ರಿಸುವ ಬಗೆಯನ್ನು, ವಾರ್ಹೋಲ್ ಕೈಗೆತ್ತಿಕೊಂಡದ್ದು ಇದರ ನಂತರ. ಡಬ್ಬಿಯ ಕೆಳಅಂಚಿನ ಹೂವಿನ ಸಾಲನ್ನು ಮಾತ್ರ ಮುದ್ರೆಯೊತ್ತಿ ಮೂಡಿಸಿದ್ದಾರೆ. ನಿಜವಾದ ಲೇಬಲ್ಲಿನ ನಡುವೆ ಇರುವ ಪದಕದಲ್ಲಿ ಸೂಕ್ಷ್ಮ ಆಕೃತಿಗಳಿವೆ, ಇಲ್ಲಿ ಅದು ಬರಿಯ ಹೊಂಬಣ್ಣದ ವೃತ್ತ. ಮುಚ್ಚಳದ ದೀರ್ಘವೃತ್ತ ಡಬ್ಬಿಯ ದುಂಡುತನವನ್ನು ಸೂಚಿಸುತ್ತದೆ, ಆದರೆ ಕೆಂಪು, ಬಿಳಿ ಪಟ್ಟಿಗಳಲ್ಲಿ ನೆರಳು–ಬೆಳಕಿನ ಏರಿಳಿತವಿಲ್ಲ, ಡಬ್ಬಿಯ ನೆರಳು ಎಲ್ಲಿಯೂ ಬಿದ್ದಿಲ್ಲ. ಹೀಗಾಗಿ ನಾವು ನೋಡುತ್ತಿರುವುದು ಡಬ್ಬಿಯನ್ನಲ್ಲ, ಜಾಹೀರಾತು ಅದನ್ನು ತೋರಿಸುವ ಬಗೆಯನ್ನು ಎಂಬುದು ನನ್ನ ಓದು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಜೋಡಣೆಯನ್ನು ಬಿಟ್ಟರೆ ವಿಶ್ಲೇಷಣೆ ಅರ್ಧಕ್ಕೇ ನಿಲ್ಲುತ್ತದೆ. 1962ರಲ್ಲಿ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿ ಇವುಗಳನ್ನು ಗೋಡೆಗುಂಟ ಕಿರಿದಾದ ಹಲಗೆಯ ಮೇಲೆ, ಅಂಗಡಿಯ ಸರಕಿನಂತೆ, ಒಂದೇ ಸಾಲಿನಲ್ಲಿ ನಿಲ್ಲಿಸಲಾಗಿತ್ತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಎಂಟೆಂಟರ ನಾಲ್ಕು ಸಾಲುಗಳಲ್ಲಿ ತೂಗುಹಾಕಿದಾಗ ಅವು ಒಂದೇ ದೊಡ್ಡ ಚಿತ್ರದಂತೆ ಕಾಣುತ್ತವೆ. ಮಾರಾಟವಾಗಿದ್ದ ಕೆಲವು ಕ್ಯಾನ್ವಾಸ್‌ಗಳನ್ನು ಫೆರಸ್ ಗ್ಯಾಲರಿಯನ್ನು ನಡೆಸುತ್ತಿದ್ದ ಅರ್ವಿಂಗ್ ಬ್ಲಮ್ ಮರಳಿ ಪಡೆದು ಇಡೀ ಗುಚ್ಛವನ್ನು ಉಳಿಸಿದ್ದರಿಂದಲೇ ಇದು ಸಾಧ್ಯವಾಯಿತು. ಯಾವ ಜೋಡಣೆಯನ್ನು ವಿಶ್ಲೇಷಿಸುತ್ತಿದ್ದೀರಿ ಎಂಬುದನ್ನು ಪ್ರಬಂಧದಲ್ಲಿ ಸ್ಪಷ್ಟಪಡಿಸಿ.

‘ವಿಮರ್ಶೆ’ ಎಂಬ ತೀರ್ಮಾನದ ಬಗ್ಗೆ ನನಗೂ ಅನುಮಾನವಿದೆ. ವಾರ್ಹೋಲ್ ವರ್ಷಗಟ್ಟಲೆ ಜಾಹೀರಾತು ಚಿತ್ರಕಾರರಾಗಿ ದುಡಿದವರು, ಆ ಸೂಪನ್ನು ತಾವೇ ದಿನವೂ ಕುಡಿಯುತ್ತಿದ್ದುದಾಗಿ ಹೇಳಿಕೊಂಡವರು. ಬಹುಪಾಲು ಡಬ್ಬಿಗಳಲ್ಲಿ ಬದಲಾಗುವುದು ರುಚಿಯ ಹೆಸರೊಂದೇ. ಆಯ್ಕೆ ಎಂಬುದು ಇಷ್ಟಕ್ಕೆ ಇಳಿದಿರುವುದನ್ನು ಚಿತ್ರ ತೋರಿಸುತ್ತದೆ, ಆದರೆ ಅದನ್ನು ಖಂಡಿಸುವ ಗುರುತು ನನಗಂತೂ ಕಾಣಲಿಲ್ಲ.

ಉತ್ತರ 3:
ಹೋಲಿಕೆಗೆ ಇನ್ನೊಬ್ಬ ಪಾಪ್ ಆರ್ಟ್ ಕಲಾವಿದ ರಾಯ್ ಲಿಕ್ಟೆನ್‌ಸ್ಟೈನ್ ಅವರ ‘ಗಾಲ್ಫ್ ಬಾಲ್’ ಚಿತ್ರವನ್ನೂ ನೋಡಿ. ಅದೂ 1962ರದೇ. ಅಲ್ಲಿ ಅಕ್ಷರವಿಲ್ಲ, ಹೊಳೆಯುವ ಬಣ್ಣವೂ ಇಲ್ಲ. ಚೆಂಡಿನ ಗುಳಿಗಳನ್ನು ಸೂಚಿಸುವ ಕಪ್ಪು ಬಾಗುಗೆರೆಗಳನ್ನು ಸ್ವಲ್ಪ ಹೊತ್ತು ನೋಡುತ್ತಿದ್ದರೆ ಅದು ಅಮೂರ್ತ ಚಿತ್ರವೇ ಎನಿಸತೊಡಗುತ್ತದೆ. ಸೂಪ್ ಡಬ್ಬಿ ಹಾಗೆ ಕರಗುವುದಿಲ್ಲ, ಏಕೆಂದರೆ ಅದರ ಮೇಲಿನ ಹೆಸರನ್ನು ಓದದೆ ಇರಲು ಕಣ್ಣಿಗೆ ಸಾಧ್ಯವೇ ಆಗುವುದಿಲ್ಲ.