ಸಿರಪ್ಪಿನ ಅಳತೆ: ಮಿ.ಗ್ರಾಂ ಮತ್ತು ಮಿ.ಲೀ. ಗೊಂದಲ

ಪ್ರಶ್ನೆ: ಸೋಮವಾರಪೇಟೆಯ ಸಣ್ಣ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದೇನೆ. ಮಳೆಗಾಲದ ಜ್ವರವೆಂದು ತೋಟದ ಲೈನ್‌ಮನೆಗಳಿಂದ ಬರುವ ಮಕ್ಕಳಿಗೆ ಡಾಕ್ಟರು ಪ್ಯಾರಸಿಟಮಾಲ್ 150 ಮಿ.ಗ್ರಾಂ ಎಂದು ಬರೆದರೆ, ತಾಯಂದಿರಿಗೆ ಎಷ್ಟು ಮಿ.ಲೀ. ಎಂದು ಹೇಳಬೇಕು?

ಉತ್ತರ 1: ಬಾಟಲಿಯನ್ನು ನೋಡದೆ ಹೇಳಲೇಬೇಡಿ. 5 ಮಿ.ಲೀ.ಯಲ್ಲಿ 125 ಮಿ.ಗ್ರಾಂ ಇರುವ ಸಿರಪ್ಪಾದರೆ 6 ಮಿ.ಲೀ., 250 ಇರುವುದಾದರೆ 3 ಮಿ.ಲೀ.; ಕಪಾಟಿನಲ್ಲಿ ಪಕ್ಕಪಕ್ಕ ನಿಂತಿರುವ ಇವೆರಡರಲ್ಲಿ ಒಂದಕ್ಕೆ ಬದಲು ಇನ್ನೊಂದನ್ನು ಎತ್ತಿಕೊಟ್ಟರೆ ಔಷಧ ಇಮ್ಮಡಿಯಾಗಬಹುದು, ಅತಿಯಾದರೆ ಯಕೃತ್ತಿಗೆ ಹಾನಿ. ನಾನು ಲೇಬಲನ್ನು ತೆಗೆಯುವಾಗ, ಅಳೆಯುವಾಗ, ಮರಳಿ ಇಡುವಾಗ ಓದುತ್ತೇನೆ.

ಉತ್ತರ 2: ಮನೆಯ ಚಮಚ ಬೇಡವೆಂದು ತಿಳಿಸಿ. ಅಳತೆಯ ಮುಚ್ಚಳದ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಟ್ಟರೆ, ಅಕ್ಷರ ಬಾರದ ತಾಯಿಯೂ ಸರಿಯಾಗಿ ಕುಡಿಸುತ್ತಾಳೆ. ನಾನು ಕಣ್ಣಾರೆ ಕಂಡಿದ್ದೇನೆ.

ಉತ್ತರ 3: ಮಗುವನ್ನು ಅಂದೇ ತೂಗಿ, ತೂಕವನ್ನು ಚೀಟಿಯಲ್ಲಿ ಬರೆಯಿರಿ. ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ ಎಂಬ ಲೆಕ್ಕಕ್ಕೆ ಹೊಂದದಿದ್ದರೆ ಸಂಕೋಚವಿಲ್ಲದೆ ಡಾಕ್ಟರನ್ನೇ ಕೇಳಿ.